ಗೋಕರ್ಣ, ಕುಮಟಾ ಕಡೆ ಊರಿನವರು ಉಣ್ಣುವ ಊಟ ಎಲ್ಲಿ ಸಿಗುತ್ತದೆ?

ಬೆಂಗಳೂರು ಅಡುಗೆಮನೆ
ಮಕ್ಕಳಿಗೆ ರಜೆ ಬಂದಿದೆ. ಮೇ ಎರಡನೆಯ ವಾರಕ್ಕೆ ಪಂಚಗಂಗಾ ರೈಲಿನಲ್ಲಿ ಟಿಕೆಟ್ ಸಿಕ್ಕಿದೆ, ಗೋಕರ್ಣದಲ್ಲಿ ಕೋಣೆಯೂ ಸಿಕ್ಕಿದೆ. ನೋಡುವ ಜಾಗಗಳ ಬಗ್ಗೆ ನನಗೆ ಪ್ರಶ್ನೆಯಿಲ್ಲ, ಊಟದ್ದೇ ಯೋಚನೆ.

ಹಿಂದೊಮ್ಮೆ ಹೋಗಿದ್ದಾಗ ಕಡಲತೀರದಲ್ಲಿ ಯಾವ ಹೋಟೆಲು ಹೊಕ್ಕರೂ ಅದೇ ಪಟ್ಟಿ: ಗೋಬಿ ಮಂಚೂರಿ, ಫ್ರೈಡ್ ರೈಸ್, ಪಿಜ್ಜಾ, ಹಮ್ಮಸ್, ಬಾಳೆಹಣ್ಣಿನ ಪ್ಯಾನ್‌ಕೇಕ್. ಮೀನು ಕೇಳಿದರೆ ದಪ್ಪಗೆ ರವೆ ಹಚ್ಚಿ ಕರಿದ ತುಂಡು ಬರುತ್ತಿತ್ತು. ಒಳಗಿರುವುದು ಯಾವ ಮೀನೆಂದು ನಾಲಿಗೆಗೆ ತಿಳಿಯುತ್ತಿರಲಿಲ್ಲ. ಬಿಲ್ ನೋಡಿ ಹೊಟ್ಟೆ ಉರಿಯಿತು.

ಅಮ್ಮ ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ನಮ್ಮ ಯಜಮಾನರಿಗೆ ಕಡಲೂರಿಗೆ ಹೋದ ಮೇಲೆ ಮೀನು ಬೇಕೇ ಬೇಕು. ಮಕ್ಕಳಿಗೆ ಖಾರ ಆಗುವುದಿಲ್ಲ. ಅಲ್ಲಿಯವರು ದಿನಾ ಏನು ಉಣ್ಣುತ್ತಾರೋ ಅದು ನಮಗೂ ಬೇಕು. ಎಲ್ಲಿ ಹೋಗಬೇಕು, ಏನೆಂದು ಕೇಳಬೇಕು? ಗೋಕರ್ಣದಿಂದ ಒಂದು ಗಂಟೆಯ ದಾರಿಯಾದರೂ ಸರಿ.

ಕುಂದಾಪ್ರದವ
ಅದೇ ರೈಲು ಗೋಕರ್ಣಕ್ಕಿಂತ ಮೊದಲು ಕುಂದಾಪುರದಲ್ಲಿ ನಿಲ್ಲುತ್ತದೆ. ಅಲ್ಲೇ ಇಳಿದುಬಿಡಿ. ಚಟ್ಲಿ (ಸೀಗಡಿ) ಗಟ್ಟಿ, ಕೋಳಿ ಸುಕ್ಕ, ನೀರುದೋಸೆ. ಮತ್ತೇನು ಬೇಕು?

ಬಾಡದ ಹುಡುಗ
ಅವರು ಕೇಳಿದ್ದು ಗೋಕರ್ಣದ ಬಗ್ಗೆ ಮಾರಾಯರೇ. ಎಲ್ಲ ಚರ್ಚೆಯನ್ನೂ ಕುಂದಾಪುರಕ್ಕೆ ಎಳೆದುಕೊಂಡು ಹೋಗಬೇಡಿ.

ಹೊಳೆಸಾಲು
ಅಕ್ಕ, ನಾನು ಗೋಕರ್ಣದ ಪಕ್ಕದ ಊರಿನವಳು. ಹೋಟೆಲಿನ ಹೆಸರು ಕೊಟ್ಟರೆ ಮುಂದಿನ ವರ್ಷ ಅಲ್ಲಿ ಅಡುಗೆಯವರು ಬದಲಾಗಿರುತ್ತಾರೆ. ಆದ್ದರಿಂದ ನಮ್ಮ ಕಡೆ ಊಟ ಹೇಗೆ ನಡೆಯುತ್ತದೆ ಎಂಬುದನ್ನೇ ಹೇಳುತ್ತೇನೆ. ಅದು ಗೊತ್ತಿದ್ದರೆ ಕಾರವಾರದಿಂದ ಭಟ್ಕಳದವರೆಗೆ ಎಲ್ಲಿ ಹೋದರೂ ಚೆನ್ನಾಗಿ ಉಣ್ಣಬಹುದು.

ನಮ್ಮಲ್ಲಿ ಮೀನು ಮಧ್ಯಾಹ್ನದ ಊಟ. ಬೆಳಿಗ್ಗೆ ಪೇಟೆಗೆ ಬಂದ ಮೀನು ಹನ್ನೊಂದಕ್ಕೆ ಒಲೆಯ ಮೇಲಿರುತ್ತದೆ, ಹನ್ನೆರಡೂವರೆಗೆ ತಟ್ಟೆಗೆ ಬರುತ್ತದೆ. ಒಳ್ಳೆಯ ಊಟದ ಹೋಟೆಲಿನಲ್ಲಿ ಎರಡು ಗಂಟೆಯ ಹೊತ್ತಿಗೆ ಸಾರು ಮುಗಿದಿರುತ್ತದೆ. ಪ್ರವಾಸಿಗರು ಏನು ಮಾಡುತ್ತಾರೆ? ಮಧ್ಯಾಹ್ನ ಕಡಲಿನಲ್ಲಿ ಆಡಿ, ರಾತ್ರಿ ಒಂಬತ್ತಕ್ಕೆ ಮೀನು ಕೇಳುತ್ತಾರೆ. ಆಗ ಸಿಗುವುದು ಫ್ರಿಜ್ಜಿನಿಂದ ಹೊರಗೆ ಬಂದದ್ದು. ಆದ್ದರಿಂದ ಮೀನು ಮಧ್ಯಾಹ್ನ ಉಣ್ಣಿ, ರಾತ್ರಿಗೆ ಗಂಜಿ, ಚಪಾತಿ, ದೋಸೆ ಏನಾದರೂ ನೋಡಿಕೊಳ್ಳಿ.

ಎರಡನೆಯದು, ಪಟ್ಟಿ ನೋಡಬೇಡಿ. ಕುಳಿತ ಕೂಡಲೇ "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಿ. "ಎಲ್ಲ ಇದೆ" ಎಂದರೆ ಎದ್ದುಬನ್ನಿ. "ತಾರ್ಲೆ ಇದೆ, ಬಂಗಡೆ ಇದೆ, ನೊಗಲಿ ಎರಡೇ ಇದೆ" ಎಂದರೆ ಅಲ್ಲೇ ಕೂರಿ. ತಾರ್ಲೆ ಎಂದರೆ ಮಂಗಳೂರಿನವರ ಬೂತಾಯಿ. ಹೊರಗಿನವರು ಇಸವಾಣ (ಅಂಜಲ್), ಪಾಪ್ಲೆಟ್ ಬಿಟ್ಟರೆ ಬೇರೆ ಕೇಳುವುದಿಲ್ಲ. ಅವೆರಡೂ ದುಬಾರಿ. ಅಂದಂದಿನ ತಾರ್ಲೆ, ಬಂಗಡೆಯ ರುಚಿ ಮಂಜುಗಡ್ಡೆಯಲ್ಲಿ ದಿನಗಟ್ಟಲೆ ಮಲಗಿದ್ದ ಇಸವಾಣಕ್ಕೆ ಎಂದೂ ಬರುವುದಿಲ್ಲ. ಮುಳ್ಳಿಗೆ ಹೆದರುವ ಮಕ್ಕಳಿಗೆ ನೊಗಲಿ ಕೊಡಿಸಿ. ಮಂಗಳೂರಿನಲ್ಲಿ ಕಾಣೆ ಎನ್ನುವುದು ಅದನ್ನೇ. ನಡುವಿನ ಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ, ಮಾಂಸ ಬೆಳ್ಳಗೆ, ಮೆತ್ತಗೆ.

ಮೂರನೆಯದು, ಕಡಲು ಕಾಣುವ ಮೇಜಿಗೆ ದುಡ್ಡು ಕೊಡುವುದೋ ಊಟಕ್ಕೆ ಕೊಡುವುದೋ ಮೊದಲೇ ಯೋಚಿಸಿ. ಕುಡ್ಲೆ, ಓಂ ತೀರದಲ್ಲಿ ಚಹಾ ಕುಡಿಯಿರಿ, ಸೂರ್ಯಾಸ್ತ ನೋಡಿ. ಊಟಕ್ಕೆ ಊರೊಳಗೆ ಬನ್ನಿ. ರಿಕ್ಷಾದವರು, ಬ್ಯಾಂಕಿನವರು, ಲಾರಿಯವರು ಎಲ್ಲಿ ಸಾಲುಗಟ್ಟಿ ಕುಳಿತಿದ್ದಾರೋ ಅಲ್ಲಿ ನುಗ್ಗಿ.

ಬೆಣ್ಣೆದೋಸೆ
ರಜೆಗೆ ಹೋದವರು ಗಡಿಯಾರ ನೋಡಿ ಊಟ ಮಾಡಬೇಕೇ? ನಮ್ಮ ಮಕ್ಕಳಿಗೆ ಗೋಬಿಯೇ ಇಷ್ಟ. ಕಡಲ ಗಾಳಿಯಲ್ಲಿ ಕುಳಿತು ಫ್ರೈಡ್ ರೈಸ್ ತಿಂದರೆ ತಪ್ಪೇನು? ಎಲ್ಲರೂ ಊರಿನವರ ಹಾಗೆ ಉಣ್ಣಬೇಕು ಎಂದು ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಹೊಳೆಸಾಲು
ತಪ್ಪಿಲ್ಲ ಅಣ್ಣ, ನಿಮಗೆ ಬೇಕಾದುದನ್ನು ತಿನ್ನಿ. ಅವರು ಊರಿನ ಊಟ ಬೇಕೆಂದು ಕೇಳಿದರು, ನಾನು ಹೇಳಿದೆ.

ಹೋಟೆಲ್ ಗಲ್ಲಾ
ಈ ಕರಾವಳಿಯಲ್ಲೇ ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವನು ನಾನು. ಗಲ್ಲಾದ ಹಿಂದಿನ ಮಾತನ್ನೂ ಕೇಳಿ.

ತೀರದ ಹೋಟೆಲುಗಳಲ್ಲಿ ಆ ಪಟ್ಟಿ ಏಕೆ ಬಂತು ಎಂದರೆ, ಜನ ಅದನ್ನೇ ಕೇಳುತ್ತಾರೆ. ಗೋಕರ್ಣಕ್ಕೆ ವಿದೇಶೀಯರು ಬರತೊಡಗಿದ ಮೇಲೆ ಹಮ್ಮಸ್, ಫಲಾಫೆಲ್ ಬಂದವು. ಬೆಂಗಳೂರಿನವರು ಬರತೊಡಗಿದ ಮೇಲೆ ಗೋಬಿ ಬಂತು. ಆ ಹೋಟೆಲುಗಳಿಗೆ ವ್ಯಾಪಾರವಿರುವುದು ಅಕ್ಟೋಬರಿನಿಂದ ಮೇವರೆಗೆ ಮಾತ್ರ. ಮಳೆ ಹಿಡಿದರೆ ಹಲವರು ಚಪ್ಪರವನ್ನೇ ಬಿಚ್ಚಿಡುತ್ತಾರೆ. ಅಡುಗೆಯವರು ಹೊರ ರಾಜ್ಯಗಳಿಂದ ಬಂದ ಹುಡುಗರು, ನಾವು ಮೀನು ಸಾರಿಗೆ ಹಾಕುವ ಮಸಾಲೆ ಜುಮ್ಮನಕಾಯಿ ಎಂದರೆ ಏನೆಂದೇ ಅವರಿಗೆ ತಿಳಿಯದು. ಅವರನ್ನು ದೂರಿ ಫಲವಿಲ್ಲ.

ರವೆಯ ಬಗ್ಗೆ ಹೇಳಬೇಕಾದುದು ಇದೆ. ರವೆ ಫ್ರೈ ನಮ್ಮದೇ ಪದ್ಧತಿ, ಅದನ್ನು ಬೈಯಬೇಡಿ. ಆದರೆ ಹಳೆಯ ಮೀನನ್ನು ಮುಚ್ಚಲು ರವೆಗಿಂತ ಒಳ್ಳೆಯ ಹೊದಿಕೆ ಇಲ್ಲ ಎಂಬುದೂ ನಿಜ. ಅನುಮಾನವಿದ್ದರೆ "ರವೆ ಬೇಡ, ಬರೀ ಮಸಾಲೆ ಹಚ್ಚಿ ಕಾವಲಿಯ ಮೇಲೆ ಹಾಕಿ" ಎನ್ನಿ. ತಾಜಾ ಮೀನು ಇಟ್ಟವನು ಖುಷಿಯಿಂದ ಮಾಡಿಕೊಡುತ್ತಾನೆ. ಇಲ್ಲದವನು "ಹಾಗೆ ಬರುವುದಿಲ್ಲ" ಎನ್ನುತ್ತಾನೆ. ಬೆಲೆಯನ್ನು ಬಾಯಿಬಿಟ್ಟು ಕೇಳಿ. ದೊಡ್ಡ ಮೀನು, ಏಡಿ, ದೊಡ್ಡ ಶೆಟ್ಲಿ (ಸೀಗಡಿ) ಇವನ್ನು ತೂಕದ ಮೇಲೆ ಮಾರುತ್ತಾರೆ. ಹಸಿ ಮೀನು ತೂಗಿಸಿ, ಬೆಲೆ ಒಪ್ಪಿಕೊಂಡ ಮೇಲೆ ಒಲೆಗೆ ಕಳಿಸಿ. ಕೇಳಲು ನಾಚಿಕೆಪಟ್ಟುಕೊಂಡವರೇ ಕೊನೆಗೆ ಬಿಲ್ ಹಿಡಿದು ಜಗಳವಾಡುವುದು.

ಅಡಿಕೆ ತೋಟ
ಎಲ್ಲರೂ ಮೀನಿನಲ್ಲೇ ಮುಳುಗಿದ್ದೀರಿ. ಆ ತಾಯಿಯವರ ಕತೆ ಏನು?

ತಂಗಿ, ಅಮ್ಮನಿಗೆ ಗೋಕರ್ಣ ಬಹಳ ಒಳ್ಳೆಯ ಊರು. ದೇವಸ್ಥಾನದ ಸುತ್ತ, ರಥಬೀದಿಯ ಕಡೆ ಸಸ್ಯಾಹಾರಿ ಹೋಟೆಲುಗಳೇ ಇವೆ. ಮಹಾಬಲೇಶ್ವರ ದೇವಸ್ಥಾನದಲ್ಲಿ ಅನ್ನಪ್ರಸಾದವಿದೆ. ಬೆಳಿಗ್ಗೆ ತಿಂಡಿಗೆ ಬನ್ಸ್, ಅವಲಕ್ಕಿ, ಶಿರಾ. ಚಹಾ ಬೇಡವಾದರೆ ಕಷಾಯ ಕೇಳಿ. ನಮ್ಮ ಜಿಲ್ಲೆಯ ಹೋಟೆಲುಗಳಲ್ಲಿ ಕೊತ್ತಂಬರಿ, ಜೀರಿಗೆಯ ಕಷಾಯವನ್ನು ಹಾಲು, ಬೆಲ್ಲ ಹಾಕಿ ಕೊಡುತ್ತಾರೆ. ಕಾದ ಹೊಟ್ಟೆಗೆ ತಂಪು.

ಮನೆಯೂಟ ಕೊಡುವ ಹವ್ಯಕರ ಮನೆ ಸಿಕ್ಕರೆ ಬಿಡಬೇಡಿ. ಹಿಂದಿನ ದಿನವೇ ಹೇಳಿಡಬೇಕು. ಬಾಳೆ ಎಲೆ, ಅದರ ತುದಿಯಲ್ಲಿ ಉಪ್ಪಿನಕಾಯಿ, ಮೊದಲು ಒಂದೆಲಗದ ತಂಬುಳಿ, ಆಮೇಲೆ ಹುಳಿ, ಪಲ್ಯ, ಹಸಿ (ಮೊಸರು ಬಜ್ಜಿಯಂತಹದು), ಕೊನೆಗೆ ಅಪ್ಪೆಹುಳಿ. ಅಪ್ಪೆಮಿಡಿ ಎಂಬ ಮಾವಿನ ಮಿಡಿಯನ್ನು ಬೇಯಿಸಿ ಕಿವುಚಿ, ನೀರು ಸೇರಿಸಿ, ಉಪ್ಪು ಹಾಕಿ, ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟದ್ದು. ಲೋಟದಲ್ಲಿ ಕುಡಿಯುವಂತಹ ತೆಳುವು. ಅದನ್ನು ಕುಡಿದ ಮೇಲೆ ಅಮ್ಮ ಮಧ್ಯಾಹ್ನ ಕಡಲಿಗೆ ಬರುವುದಿಲ್ಲ, ಹಾಯಾಗಿ ನಿದ್ದೆ ಮಾಡುತ್ತಾರೆ.

ಸಾಧ್ಯವಾದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಬನ್ನಿ. ತೊಡದೇವು ಎಂಬ ಸಿಹಿತಿಂಡಿ ಕಟ್ಟಿಸಿಕೊಂಡು ಹೋಗಬಹುದು.

ಬಾಡದ ಹುಡುಗ
ಒಬ್ಬರು ಕುಂದಾಪುರಕ್ಕೆ ಎಳೆದರು, ಇನ್ನೊಬ್ಬರು ಘಟ್ಟಕ್ಕೆ ಹತ್ತಿಸುತ್ತಿದ್ದಾರೆ. ಅವರು ಸ್ನಾನಕ್ಕೆ ಕಡಲಿಗೆ ಇಳಿಯುವುದು ಯಾವಾಗ?

ಬೆಂಗಳೂರು ಅಡುಗೆಮನೆ
ಎಲ್ಲರಿಗೂ ಧನ್ಯವಾದಗಳು. ಅಮ್ಮನಿಗೆ ಅಪ್ಪೆಹುಳಿಯ ಸಾಲುಗಳನ್ನು ಓದಿ ಹೇಳಿದೆ, ಮನೆಯೂಟ ಮೊದಲ ದಿನವೇ ಆಗಬೇಕಂತೆ.

ಇನ್ನೂ ಕೆಲವು ಪ್ರಶ್ನೆಗಳಿವೆ. ಪೇಟೆಯಲ್ಲಿ ಮೀನು ನಾವೇ ಕೊಂಡು ಯಾರಿಂದಲಾದರೂ ಮಾಡಿಸಿಕೊಳ್ಳಬಹುದೇ? ಮೀನು ಕೊಳ್ಳಲು ನನಗೆ ಬರುವುದಿಲ್ಲ, ಬೆಂಗಳೂರಿನಲ್ಲಿ ತುಂಡು ಮಾಡಿ ಪೊಟ್ಟಣದಲ್ಲಿ ಬಂದದ್ದನ್ನೇ ನೋಡಿ ಗೊತ್ತು. ಚೌಕಾಸಿ ಮಾಡಬಹುದೇ? ನಾವು ಬಂದಿಳಿಯುವುದು ಸೋಮವಾರ ಬೆಳಿಗ್ಗೆ.

ಮೀನುಪೇಟೆ
ಸೋಮವಾರ ಎಂದರೆ ಅಂದು ಅಮ್ಮನ ಜೊತೆ ಎಲ್ಲರೂ ಮನೆಯೂಟ ಮಾಡಿಬಿಡಿ ಅಕ್ಕ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋಮವಾರ ಮೀನು ತರುವುದಿಲ್ಲ, ಪೇಟೆಯೂ ಸಪ್ಪೆ. ಮಂಗಳವಾರ ಬನ್ನಿ.

ನನ್ನ ಅಮ್ಮ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿಯೇ ನಮ್ಮನ್ನು ಓದಿಸಿದಳು. ಅವಳ ಪಕ್ಕದಲ್ಲಿ ಕುಳಿತು ಕಲಿತದ್ದನ್ನು ಹೇಳುತ್ತೇನೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಒಳಗೆ ಕುಸಿದು ಮಬ್ಬಾಗಿದ್ದರೆ ಹಳೆಯದು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಬೆನ್ನಿನ ಮೇಲೆ ಬೆರಳು ಒತ್ತಿ, ಕುಳಿ ತಾನೇ ಮುಚ್ಚಿಕೊಳ್ಳಬೇಕು. ತಾಜಾ ಮೀನಿಗೆ ಕಡಲಿನ ವಾಸನೆ ಇರುತ್ತದೆಯೇ ಹೊರತು ಮೂಗು ಮುಚ್ಚುವ ವಾಸನೆ ಇರುವುದಿಲ್ಲ. ತಾರ್ಲೆಯ ಹೊಟ್ಟೆ ಒಡೆದಿದ್ದರೆ ಎಷ್ಟು ಅಗ್ಗವಾದರೂ ಬಿಡಿ. ಅದು ಬೇಗ ಕೆಡುವ ಮೀನು.

ಎಲ್ಲಿಂದ ಬಂತು ಎಂದು ಕೇಳಿ. ನಾಡದೋಣಿಯವರು ಬೆಳಗಿನ ಜಾವ ಹೋಗಿ ಅಂದೇ ವಾಪಸು ಬರುತ್ತಾರೆ. ದೊಡ್ಡ ಟ್ರಾಲ್ ಬೋಟುಗಳು ದಿನಗಟ್ಟಲೆ ಕಡಲಿನಲ್ಲೇ ಇದ್ದು ಮಂಜುಗಡ್ಡೆಯಲ್ಲಿ ಮೀನು ತುಂಬಿಕೊಂಡು ಬರುತ್ತವೆ. ಎರಡೂ ಪೇಟೆಗೆ ಬರುತ್ತವೆ, ಎರಡನ್ನೂ "ಇವತ್ತಿನದು" ಎಂದೇ ಮಾರುತ್ತಾರೆ. ದೋಣಿಯ ಮೀನು ಸ್ವಲ್ಪವೇ ಇರುತ್ತದೆ, ಬುಟ್ಟಿಯಲ್ಲಿ ನಾಲ್ಕಾರು ಜಾತಿ ಬೆರೆತಿರುತ್ತದೆ. ಅಂತಹ ಬುಟ್ಟಿ ಕಂಡರೆ ಅಲ್ಲಿ ನಿಲ್ಲಿ. ಗೋಕರ್ಣದ ಪಕ್ಕದ ತದಡಿ ಬಂದರಿನಲ್ಲಿ ಹರಾಜನ್ನೂ ನೋಡಬಹುದು, ಮಕ್ಕಳಿಗೆ ಕಡಲಿಗಿಂತ ಅದೇ ಹೆಚ್ಚು ಹಿಡಿಸೀತು.

ಚೌಕಾಸಿ ಮಾಡಿ, ಎಲ್ಲರೂ ಮಾಡುತ್ತಾರೆ. ಆದರೆ ಒಂದು ಮಾತು. ಹೋಟೆಲಿನಲ್ಲಿ ಹೇಳಿದ ಬೆಲೆ ಕೊಟ್ಟು ಟಿಪ್ಸ್ ಕೂಡ ಇಟ್ಟು ಬರುವವರು, ಬಿಸಿಲಿನಲ್ಲಿ ಕುಳಿತ ಹೆಂಗಸಿನ ಹತ್ತಿರ ಹತ್ತು ರೂಪಾಯಿಗೆ ಅರ್ಧ ಗಂಟೆ ಜಗ್ಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವಳು ಹರಾಜಿನಲ್ಲಿ ದುಡ್ಡು ಹಾಕಿ ತಂದಿರುತ್ತಾಳೆ. ಮಧ್ಯಾಹ್ನದೊಳಗೆ ಮಾರದಿದ್ದರೆ ನಷ್ಟ ಅವಳದೇ. ಒಂದು ಸಲ ಕೇಳಿ, ಅವಳು ಇಳಿಸಿದಷ್ಟಕ್ಕೆ ಒಪ್ಪಿಕೊಳ್ಳಿ. ಮರುದಿನ ಹೋದರೆ ನಿಮಗೆಂದೇ ಒಳ್ಳೆಯದನ್ನು ತೆಗೆದಿಟ್ಟಿರುತ್ತಾಳೆ.

ಮಾಡಿಸಿಕೊಳ್ಳಲು ನೀವು ಉಳಿದುಕೊಳ್ಳುವ ಮನೆಯವರನ್ನೇ ಕೇಳಿ. ಸಣ್ಣ ಹೋಂಸ್ಟೇಗಳಲ್ಲಿ ಮಸಾಲೆಗೆ, ಕೆಲಸಕ್ಕೆ ಇಷ್ಟೆಂದು ತೆಗೆದುಕೊಂಡು ಮಾಡಿಕೊಡುತ್ತಾರೆ. ದೇವಸ್ಥಾನದ ಹತ್ತಿರದ ಮನೆಯಾದರೆ ಕೇಳಲೇಬೇಡಿ.

ಕಾರವಾರಿ ಮುಂಬೈ
ಮೀನುಪೇಟೆಯವರ ಮಾತು ಓದಿ ಕಣ್ಣು ತುಂಬಿತು. ನನ್ನ ಅಜ್ಜಿಯೂ ಬುಟ್ಟಿ ಹೊತ್ತವಳೇ.

ಕಾರವಾರವನ್ನು ಯಾರೂ ಎತ್ತಲಿಲ್ಲ. ಗೋಕರ್ಣದಿಂದ ಸುಮಾರು 60 ಕಿ.ಮೀ. ಅಲ್ಲಿ ಸಾರಿನ ಜಾತಿಯೇ ಬೇರೆ, ಗೋವೆಯ ಗಾಳಿ ಇದೆ. ಬೆಳಿಗ್ಗೆ ಪಾವಿನ ಜೊತೆ ಉಸಳ್, ಮಧ್ಯಾಹ್ನ ಮೀನಿನ ಊಟ, ಕೊನೆಗೆ ಮುರುಗಲ (ಕೋಕಂ) ಸಿಪ್ಪೆ ಮತ್ತು ತೆಂಗಿನ ಹಾಲಿನ ಸೋಲ್ ಕಡಿ. ಕೆಲವು ಕಡೆ ತೆಂಗಿನ ಹಾಲು ಹಾಕದೆ ಬಣ್ಣದ ನೀರು ಕೊಡುತ್ತಾರೆ. ತಿಳಿ ಗುಲಾಬಿ ಬಣ್ಣ, ಗಂಟಲಿನಲ್ಲಿ ಬೆಳ್ಳುಳ್ಳಿಯ ಸಣ್ಣ ಘಾಟು, ಇದಿಷ್ಟು ಇದ್ದರೆ ಸರಿಯಾದ ಕಡಿ.

ಕುಂದಾಪ್ರದವ
ಸಾರಿನ ವಿಷಯ ಬಂದದ್ದರಿಂದ ಕೇಳುತ್ತೇನೆ. ಉತ್ತರ ಕನ್ನಡದವರು ತಾರ್ಲೆ ಸಾರಿಗೆ ಒಗ್ಗರಣೆಯನ್ನೇ ಹಾಕುವುದಿಲ್ಲವಂತೆ, ಹೌದೇ? ನಾವು ತಾರ್ಲೆಗೆ ಬೈಗೆ ಎನ್ನುತ್ತೇವೆ, ಅದಕ್ಕೆ ಈರುಳ್ಳಿ, ಶುಂಠಿ ಎಲ್ಲ ಬೀಳುತ್ತದೆ.

ಹೊಳೆಸಾಲು
ಹೌದು, ಒಗ್ಗರಣೆ ಬೇಕಿಲ್ಲ. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಸ್ವಲ್ಪ ಕೊತ್ತಂಬರಿ, ಅರಿಶಿನ, ಹುಳಿ ಇವನ್ನು ನುಣ್ಣಗೆ ರುಬ್ಬಿ ಕುದಿಸುವುದು. ಜುಮ್ಮನಕಾಯಿಯನ್ನು ಬೀಜ ತೆಗೆದು ಜಜ್ಜಿ ಹಾಕುವುದು. ತಾರ್ಲೆ, ಬಂಗಡೆಯ ಎಣ್ಣೆ ಜಿಡ್ಡಿಗೆ ಅದೇ ಮದ್ದು, ನಾಲಿಗೆಯ ತುದಿ ಜುಂ ಎನ್ನಬೇಕು. ಕುದಿ ಬಂದ ಮೇಲೆ ಮೀನು ಇಳಿಸಿ, ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು, ಇಲ್ಲವಾದರೆ ಮೀನು ಒಡೆಯುತ್ತದೆ. ಇಳಿಸುವಾಗ ಮೇಲಿನಿಂದ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ. ಸಂಜೆ ಮಾಡಿಟ್ಟು ಮರುದಿನ ಬೆಳಿಗ್ಗೆ ಬಿಸಿ ಮಾಡಿ, ಕುಚಲಕ್ಕಿ ಗಂಜಿಯ ಜೊತೆ ಉಂಡರೆ ಇನ್ನೂ ರುಚಿ. ಹೋಟೆಲಿನಲ್ಲಿ ಬೆಳ್ತಿಗೆ ಅನ್ನ ಬಡಿಸಿದರೆ "ಕುಚಲಕ್ಕಿ ಇದೆಯೇ?" ಎಂದು ಕೇಳಿ. ಕೇಳಿದವರಿಗೆ ಮಾತ್ರ ಒಳಗಿನಿಂದ ತರುತ್ತಾರೆ.

ಬೆಣ್ಣೆದೋಸೆ
ಇದನ್ನು ಓದಿದ ಮೇಲೆ ಗೋಬಿಯ ಪರ ವಾದ ಮಾಡುವ ಮನಸ್ಸಾಗುತ್ತಿಲ್ಲ. ಜುಮ್ಮನಕಾಯಿ ದಾವಣಗೆರೆಯಲ್ಲಿ ಸಿಗುತ್ತದೆಯೇ?

ಅಡಿಕೆ ತೋಟ
ಕುಮಟಾ, ಅಂಕೋಲಾದ ಕಿರಾಣಿ ಅಂಗಡಿಗಳಲ್ಲಿ ಒಣಗಿಸಿದ್ದು ಸಿಗುತ್ತದೆ. ಒಮ್ಮೆ ಕೊಂಡು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ತುಂಬಾ ದಿನ ಬರುತ್ತದೆ. ನಾವು ಹುಳಿ, ಸಾರುಗಳಿಗೂ ಹಾಕುತ್ತೇವೆ, ಅದು ಬರೀ ಮೀನಿನ ಮಸಾಲೆಯಲ್ಲ.

ಬಾಡದ ಹುಡುಗ
ಮೇ ತಿಂಗಳು ಎಂದಮೇಲೆ ಈರುಳ್ಳಿ, ಮಾವು ಎರಡನ್ನೂ ಹೇಳಲೇಬೇಕು.

ಕುಮಟಾದ ಆಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿಯ ಬದಿಯಲ್ಲಿ ಈರುಳ್ಳಿಯನ್ನು ಜಡೆಯ ಹಾಗೆ ಹೆಣೆದು ತೂಗುಹಾಕಿರುತ್ತಾರೆ. ಅದು ಸಿಹಿ ಈರುಳ್ಳಿ, ಹೆಚ್ಚುವಾಗ ಕಣ್ಣು ಉರಿಯುವುದಿಲ್ಲ, ಹಸಿಯಾಗಿ ಕಚ್ಚಿ ತಿನ್ನಬಹುದು. ಗದ್ದೆಯಲ್ಲಿ ಭತ್ತದ ನಂತರ ಬೆಳೆಯುತ್ತಾರೆ, ಬೇಸಿಗೆಗಷ್ಟೇ ಸಿಗುತ್ತದೆ. ಮನೆಗೆ ಒಯ್ದು ಚೀಲದಲ್ಲಿ ತುಂಬಿಡಬೇಡಿ, ಕೊಳೆಯುತ್ತದೆ. ಜಡೆ ಬಿಚ್ಚದೆ ಗಾಳಿಯಾಡುವಲ್ಲಿ ತೂಗುಹಾಕಿ. ಬೇರೆ ಊರಿನ ಈರುಳ್ಳಿಯನ್ನು ತಂದು ಇದೇ ಎಂದು ಮಾರುವವರೂ ಇದ್ದಾರೆ. ಎಲೆ ಸಮೇತ ಹೆಣೆದದ್ದನ್ನೇ ಕೊಳ್ಳಿ.

ಮಾವೆಂದರೆ ಅಂಕೋಲೆಯ ಕರಿ ಇಶಾಡ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ಸಣ್ಣ ಗೊರಟು, ಉಳಿದದ್ದೆಲ್ಲ ತಿರುಳು. ಬೇಗ ಜಜ್ಜಿಹೋಗುತ್ತದೆ, ಅದಕ್ಕೇ ದೂರದ ಪೇಟೆಗೆ ಹೆಚ್ಚು ಬರುವುದಿಲ್ಲ. ಇಲ್ಲಿ ಬಂದಾಗಲೇ ತಿನ್ನಬೇಕು. ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡಿ ದೋಸೆಗೆ ಅದ್ದಿದರೆ ಮಕ್ಕಳು ಗೋಬಿಯ ಹೆಸರೆತ್ತುವುದಿಲ್ಲ.

ಹೋಟೆಲ್ ಗಲ್ಲಾ
ತಮ್ಮ, ಇಶಾಡದಲ್ಲಿ ಕರಿ, ಬಿಳಿ ಎಂದು ಎರಡಿವೆ. ಅಂಗಡಿಯಲ್ಲಿ ಎರಡನ್ನೂ ಕರಿ ಎಂದೇ ಕೊಡುತ್ತಾರೆ. ಕೊಯ್ದು ತೋರಿಸಲು ಹೇಳಿ.

ಉಪ್ಪಿನಾಗರ
ಬಳಚನ್ನು (ಚಿಪ್ಪುಮೀನನ್ನು) ಇಷ್ಟು ಹೊತ್ತಾದರೂ ಯಾರೂ ನೆನೆಯಲಿಲ್ಲ! ಅಘನಾಶಿನಿಯ ಅಳಿವೆಯ ದಡದಲ್ಲಿ ಕುಳಿತು ಬಳಚು ತಿನ್ನದೆ ಹೋದರೆ ಏನು ಬಂದ ಹಾಗಾಯಿತು?

ಅಘನಾಶಿನಿಗೆ ಅಣೆಕಟ್ಟು ಇಲ್ಲ. ಘಟ್ಟದಿಂದ ಇಳಿದ ಸಿಹಿನೀರು, ಭರತದಲ್ಲಿ ಒಳನುಗ್ಗುವ ಉಪ್ಪುನೀರು ಎರಡೂ ಬೆರೆಯುವ ಆ ಕೆಸರಿನಲ್ಲಿ ಬಳಚು ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಕ್ಕುತ್ತಾರೆ. ಸುತ್ತಲಿನ ಊರುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣದ, ಎಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮನ್ನಣೆ ಬಂದಿದೆ. ಬಳಚನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಮರಳು ಬಿಡಿಸುತ್ತಾರೆ. ಆಮೇಲೆ ಬೇಯಿಸಿ, ಹುರಿದ ಮಸಾಲೆ, ಕಾಯಿತುರಿ ಹಾಕಿ ಒಣಗಿಸಿ ಸುಕ್ಕ ಮಾಡುತ್ತಾರೆ. ಬೇಯಿಸಿದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆದುಬಿಡಿ. ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಿದರೆ ಅಡುಗೆಯವರು ಅವಸರ ಮಾಡಿದ್ದಾರೆ ಎಂದು ತಿಳಿಯಿರಿ.

ಗೋಕರ್ಣಕ್ಕೆ ಬರುವ ದಾರಿಯಲ್ಲೇ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಮೇ ತಿಂಗಳಿನಲ್ಲಿ ಉಪ್ಪಿನ ಗುಡ್ಡೆಗಳು ಕಾಣುತ್ತವೆ. ಆ ಹರಳುಪ್ಪನ್ನು ಒಂದು ಚೀಲ ಒಯ್ಯಿರಿ, ಉಪ್ಪಿನಕಾಯಿಗೆ ಅದೇ ಆಗಬೇಕು. ಕಗ್ಗ ಅಕ್ಕಿ ಸಿಕ್ಕರೆ ಅದನ್ನೂ ಕೊಳ್ಳಿ. ಗಜನಿಯ (ಅಳಿವೆಯಂಚಿನ ಗದ್ದೆಯ) ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಭತ್ತ ಅದು, ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಕೊಳ್ಳುವವರಿದ್ದರೆ ತಾನೇ ಬೆಳೆಯುವುದು?

ಕಾರವಾರಿ ಮುಂಬೈ
ಕಾರವಾರದಲ್ಲಿ ಅದನ್ನೇ ತಿಸ್ರ್ಯೊ ಎನ್ನುತ್ತೇವೆ. ಉಳಿದ ಮಾತಿಗೆಲ್ಲ ನನ್ನ ಒಪ್ಪಿಗೆ. ಕಾಳಿ ಹೊಳೆಯದೂ ರುಚಿಯಲ್ಲಿ ಕಡಿಮೆಯಿಲ್ಲ ಎಂಬುದನ್ನು ಸೇರಿಸಿಕೊಳ್ಳಿ.

ಮೈಸೂರು ಪ್ರವಾಸಿ
ನಾವು ಜೂನ್ ಕೊನೆಗೆ ಹೋಗುವವರಿದ್ದೇವೆ, ಆಗ ಕೋಣೆ ಅಗ್ಗ. ಮೀನು ಸಿಗುತ್ತದಲ್ಲವೇ?

ಬಾಡದ ಹುಡುಗ
ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಸಿಗುವುದಿಲ್ಲ.

ಮೀನುಪೇಟೆ
ಸಿಗುವುದೇ ಇಲ್ಲ ಎನ್ನಬೇಡ ತಮ್ಮ. ನಿಷೇಧವಿರುವುದು ಯಾಂತ್ರಿಕ ಬೋಟುಗಳಿಗೆ, ನಾಡದೋಣಿಗೆ ಅಲ್ಲ. ಕಡಲು ಒರಟಾಗಿರುವಾಗ ಅವರೂ ದಿನಾ ಇಳಿಯಲಾರರು, ಆದ್ದರಿಂದ ಸಿಕ್ಕಿದ್ದು ದುಬಾರಿ. ಹೊಳೆಯ ಮೀನು ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅದು ಮುಗಿದ ಮೇಲೆ ಆ ಕಡೆಯ ಮೀನು ಮಂಜುಗಡ್ಡೆಯಲ್ಲಿ ಲಾರಿ ಹತ್ತಿ ಇಲ್ಲಿಗೂ ಬರುತ್ತದೆ. ಜೂನ್ ಕೊನೆಗೆ ಹೋಟೆಲಿನಲ್ಲಿ ಸಲೀಸಾಗಿ ಸಿಗುವ ದೊಡ್ಡ ಮೀನು ಹೆಚ್ಚಾಗಿ ಅದೇ.

ಮಳೆಗಾಲದಲ್ಲಿ ನಾವು ಒಣಮೀನು ತಿನ್ನುತ್ತೇವೆ. ಒಣ ಶೆಟ್ಲಿಯನ್ನು ಹುರಿದು, ಕಾಯಿತುರಿ, ಮೆಣಸು, ಹುಣಸೆ, ಹಸಿ ಈರುಳ್ಳಿ ಹಾಕಿ ಚಟ್ನಿ ಮಾಡಿದರೆ ಗಂಜಿ ಹೋದದ್ದೇ ತಿಳಿಯುವುದಿಲ್ಲ. ನೀವು ಜೂನಿನಲ್ಲಿ ಬಂದರೆ ಅದನ್ನು ಕೇಳಿ, ತಾಜಾ ಇಸವಾಣ ಕೇಳಬೇಡಿ. ಮೊಟ್ಟೆಯಿಡುವ ಕಾಲದಲ್ಲಿ ಎರಡು ತಿಂಗಳು ಬಿಟ್ಟರೆ ತಾನೇ ಆಗಸ್ಟಿನಲ್ಲಿ ಬಲೆಗೆ ಬೀಳುವುದು.

ಅಡಿಕೆ ತೋಟ
ಮೈಸೂರ ಸರ್, ಮಳೆಗಾಲ ನಮ್ಮ ಕಾಲ. ಕೆಸುವಿನ ಎಲೆಯ ಪತ್ರೊಡೆ, ಅರಿಶಿನ ಎಲೆಯ ಕಡುಬು, ಹಲಸಿನ ಹಪ್ಪಳ. ಮೀನನ್ನು ಮರೆತುಬಿಡುತ್ತೀರಿ.

ಭಟ್ಕಳಿ ದುಬೈ
ದೂರದಲ್ಲಿ ಕುಳಿತು ಓದುತ್ತಿದ್ದೇನೆ. ಗೋಕರ್ಣಕ್ಕೆ ಹೋದವರು ಹೇಗೂ ಮುರುಡೇಶ್ವರಕ್ಕೆ ಬರುತ್ತೀರಿ. ಅಲ್ಲಿಂದ ಭಟ್ಕಳ ಎಷ್ಟು ದೂರ? ಬಿರಿಯಾನಿ ತಿಂದು ಹೋಗಿ. ಭಟ್ಕಳದ ಮುಸ್ಲಿಮರಾದ ನವಾಯತರ ಬಿರಿಯಾನಿಯಲ್ಲಿ ಈರುಳ್ಳಿ ಮಸಾಲೆ ಅಡಿಯಲ್ಲಿ, ಅನ್ನ ಮೇಲೆ. ಖಾರ ಕಡಿಮೆ, ಮಕ್ಕಳಿಗೂ ಆಗುತ್ತದೆ. ಶಾವಿಗೆಯಲ್ಲೂ ಬಿರಿಯಾನಿ ಮಾಡುತ್ತಾರೆ, ಅದು ಮನೆಗಳಲ್ಲೇ ಹೆಚ್ಚು. ಭಟ್ಕಳದ ಗೆಳೆಯರಿದ್ದರೆ ನಾಚಿಕೆ ಬಿಟ್ಟು ಕೇಳಿ, ಯಾರೂ ಇಲ್ಲ ಎನ್ನುವುದಿಲ್ಲ.

ಅಡಿಕೆ ತೋಟ
ಮುರುಡೇಶ್ವರದ ದಾರಿಯಲ್ಲಿ ಇಡಗುಂಜಿ ಗಣಪತಿಯ ಪಂಚಕಜ್ಜಾಯವನ್ನೂ ಅಮ್ಮನಿಗೆ ಕೊಡಿಸಿ.

ಕುಂದಾಪ್ರದವ
ಭಟ್ಕಳದವರೆಗೆ ಬಂದವರು ಇನ್ನೊಂದು ಗಂಟೆ ಮುಂದೆ ಬಂದರೆ...

ನಿರ್ವಾಹಕ
ಕುಂದಾಪುರಕ್ಕೆ ಬೇರೆ ಚರ್ಚೆ ತೆರೆಯಿರಿ, ಖಂಡಿತ ಎಲ್ಲರೂ ಬರುತ್ತಾರೆ. ಇಲ್ಲಿ ಗೋಕರ್ಣ, ಕುಮಟಾ, ಅಂಕೋಲೆಯ ಸುತ್ತಲೇ ಇರೋಣ.

ಬೆಂಗಳೂರು ಅಡುಗೆಮನೆ
ಸೋಮವಾರ ಮನೆಯೂಟ. ಮಂಗಳವಾರ ಬೆಳಿಗ್ಗೆ ತದಡಿ ಬಂದರು, ಮಧ್ಯಾಹ್ನ ಊರೊಳಗೆ ತಾರ್ಲೆ ಸಾರು. ಬುಧವಾರ ಅಂಕೋಲಾ ಪೇಟೆ ಮತ್ತು ಮಾವು. ವಾಪಸು ಬರುವ ದಿನ ಈರುಳ್ಳಿ. ಇಷ್ಟು ಬರೆದುಕೊಂಡಿದ್ದೇನೆ. ಮೀನುಪೇಟೆ ಅಕ್ಕ, ನಿಮ್ಮ ಅಮ್ಮ ಈಗಲೂ ಪೇಟೆಗೆ ಬರುತ್ತಾರೆಯೇ? ಯಜಮಾನರಿಗೆ ಏಡಿಯ ಆಸೆಯೂ ಇದೆ. ಹುಣ್ಣಿಮೆಗೆ ಏಡಿ ಟೊಳ್ಳಾಗಿರುತ್ತದೆ, ಅಮಾವಾಸ್ಯೆಗೆ ತುಂಬಿರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದಾರೆ.

ಉಪ್ಪಿನಾಗರ
ನಿಜ. ನಮ್ಮ ಅಜ್ಜ ಹುಣ್ಣಿಮೆಯ ವಾರ ಏಡಿಯನ್ನೇ ತರುತ್ತಿರಲಿಲ್ಲ.

ಹೋಟೆಲ್ ಗಲ್ಲಾ
ನಾನು ಹುಣ್ಣಿಮೆಯ ಮರುದಿನವೂ ತುಂಬಿದ ಏಡಿ ಮಾರಿದ್ದೇನೆ. ಚಿಪ್ಪು ಕಳಚಿ ಹೊಸ ಚಿಪ್ಪು ಬಂದ ಏಡಿ ಟೊಳ್ಳಾಗಿರುತ್ತದೆ, ಅದು ಯಾವ ತಿಥಿಯಲ್ಲೂ ಬಲೆಗೆ ಬೀಳುತ್ತದೆ.

ಉಪ್ಪಿನಾಗರ
ಹೊಳೆಯ ಏಡಿಯೋ ಕಡಲಿನದೋ ಅದನ್ನು ಹೇಳಿ ಮೊದಲು. ನಾನು ಹೇಳಿದ್ದು ಹೊಳೆಯದು.

ಮೀನುಪೇಟೆ
ಅಮ್ಮ ಈಗ ದಿನಾ ಹೋಗುವುದಿಲ್ಲ ಅಕ್ಕ, ಮೊಣಕಾಲು ನೋವು. ಹೋದ ದಿನ ಅವಳದು ಅದೇ ಜಾಗ.

ಏಡಿಗೆ ಪಂಚಾಂಗ ನೋಡಬೇಡಿ, ಕೈಯಲ್ಲಿ ತೂಗಿ ನೋಡಿ. ಒಂದೇ ಗಾತ್ರದ ಎರಡು ಏಡಿ ಹಿಡಿದರೆ ಭಾರವಾದುದು ತುಂಬಿದ್ದು. ಹೊಟ್ಟೆಯ ಕಡೆ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬಾರದು. ಜೀವ ಇರುವುದನ್ನೇ ಕೊಳ್ಳಿ.

ಕುಂದಾಪ್ರದವ
ಒತ್ತುವ ಮೊದಲು ಕೊಂಬು ಕಟ್ಟಿದ್ದಾರೆಯೇ ನೋಡಿಕೊಳ್ಳಿ. ಮಕ್ಕಳನ್ನು ಬುಟ್ಟಿಯಿಂದ ದೂರ ನಿಲ್ಲಿಸಿ.